ಓದುಗರ ಪ್ರಶ್ನೆ, ಸಮಾಜಶಾಸ್ತ್ರದ ಉತ್ತರ: ಅಪರಾಧ, ಪೊಲೀಸ್, ಯುದ್ಧ, ಭಯೋತ್ಪಾದನೆ

ಅಪರಾಧವನ್ನೂ ಹಿಂಸೆಯನ್ನೂ ಸಮಾಜಶಾಸ್ತ್ರ ಹೇಗೆ ನೋಡುತ್ತದೆ ಎಂದು ಕೇಳಿ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿರುವಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಉದ್ದದ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಅಪರಾಧ ಯಾವುದೇ ಸಮಾಜದ ಸಹಜ ಲಕ್ಷಣ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ಹೇಳಿರುವುದಾಗಿ ಪಠ್ಯದಲ್ಲಿ ಓದಿದೆ. ಕೊಲೆ, ಸುಲಿಗೆಗಳನ್ನು ಸಹಜವೆಂದು ಕರೆದರೆ ಅವುಗಳನ್ನು ಸಮರ್ಥಿಸಿದಂತೆ ಆಗುವುದಿಲ್ಲವೇ? (ಪದವಿ ವಿದ್ಯಾರ್ಥಿನಿ)

ಉತ್ತರ: ಆಗುವುದಿಲ್ಲ. ನೋವು ದೇಹದ ಸಹಜ ಕಾರ್ಯದ ಭಾಗವೆಂದು ಹೇಳಿದವರು ನೋವನ್ನು ಬಯಸಿದಂತಾಗುವುದಿಲ್ಲ. 1895ರಲ್ಲಿ ಸಮಾಜಶಾಸ್ತ್ರದ ಅಧ್ಯಯನವಿಧಾನವನ್ನು ಕುರಿತು ಬರೆಯುವಾಗ ಡರ್ಕ್‌ಹೈಮ್ ಮಂಡಿಸಿದ ವಾದದ ಹುರುಳು ಇಷ್ಟು: ಒಂದು ಕೃತ್ಯ ಅಪರಾಧವಾಗುವುದು ಅದರೊಳಗೇ ಅಡಗಿರುವ ಯಾವುದೋ ಗುಣದಿಂದಲ್ಲ, ಸಮುದಾಯದ ಬಲವಾದ ನೈತಿಕ ಭಾವನೆಗಳಿಗೆ ಅದು ಪೆಟ್ಟು ಕೊಡುವುದರಿಂದ. ಸಂತರೇ ತುಂಬಿರುವ ಸಮಾಜವನ್ನು ಕಲ್ಪಿಸಿಕೊಂಡರೂ, ನಮ್ಮ ಕಣ್ಣಿಗೆ ಬೀಳದಂಥ ಸಣ್ಣ ಲೋಪಗಳು ಅಲ್ಲಿ ಘೋರ ಪಾಪವೆನಿಸಿಕೊಳ್ಳುತ್ತವೆ. ತಪ್ಪಿತಸ್ಥನನ್ನು ಶಿಕ್ಷಿಸುವಾಗ ಸಮಾಜ ತನ್ನ ಗಡಿ ಎಲ್ಲಿದೆ ಎಂಬುದನ್ನು ತನಗೆ ತಾನೇ ಮತ್ತೆ ನೆನಪಿಸಿಕೊಳ್ಳುತ್ತದೆ. ಇಂದಿನ ಅಪರಾಧಿ ಕೆಲವೊಮ್ಮೆ ನಾಳಿನ ನೀತಿಗೆ ದಾರಿ ತೆರೆಯುವುದೂ ಉಂಟು. ಡರ್ಕ್‌ಹೈಮ್ ಇದಕ್ಕೆ ಕೊಟ್ಟ ನಿದರ್ಶನ ಸಾಕ್ರಟೀಸನದು. ಅಥೆನ್ಸಿನ ಕಾನೂನಿನ ಪ್ರಕಾರ ಅವನು ನಿಜಕ್ಕೂ ಅಪರಾಧಿಯಾಗಿದ್ದನು.

ಈ ವಾದದ ದುರ್ಬಲ ಭಾಗ ಬೇರೆಡೆ ಇದೆ. ಇಡೀ ಸಮಾಜಕ್ಕೆ ಒಂದೇ ನೈತಿಕ ಭಾವನೆ ಇರುವಂತೆ ಡರ್ಕ್‌ಹೈಮ್ ಬರೆಯುತ್ತಾರೆ. ಆ ಭಾವನೆ ಯಾರದು, ಅದನ್ನು ಕಾನೂನಾಗಿ ಬರೆಸುವ ಬಲ ಯಾರಿಗಿದೆ ಎಂದು ಕೇಳಿದವರು 1960ರ ದಶಕದ ಹಣೆಪಟ್ಟಿ ಸಿದ್ಧಾಂತಿಗಳು, ಅಂದರೆ ಅಪರಾಧಿ ಎಂಬುದು ಸಮಾಜ ಅಂಟಿಸುವ ಹೆಸರು ಎನ್ನುವವರು. ಅವರಲ್ಲಿ ಪ್ರಮುಖರಾದ ಹವರ್ಡ್ ಬೆಕರ್, ಅಮೆರಿಕದಲ್ಲಿ 1937ರಲ್ಲಿ ಬಂದ ಗಾಂಜಾ ತೆರಿಗೆ ಕಾಯ್ದೆಯ ಹಿಂದೆ ಒಂದು ಸರ್ಕಾರಿ ಇಲಾಖೆಯ ಪ್ರಚಾರ ಹೇಗೆ ಕೆಲಸ ಮಾಡಿತ್ತು ಎಂಬುದನ್ನು 1963ರಲ್ಲಿ ವಿವರಿಸಿದರು. ನಿಯಮವನ್ನು ಮುರಿದವರನ್ನು ಮಾತ್ರವಲ್ಲದೆ ನಿಯಮ ಮಾಡಿದವರನ್ನೂ ಅಧ್ಯಯನದ ವಸ್ತುವಾಗಿಸಿದ್ದು ಅವರ ದೊಡ್ಡ ಕೊಡುಗೆ. ಆದರೆ ಈ ಸಿದ್ಧಾಂತವನ್ನು ಕೊಲೆಯವರೆಗೂ ಎಳೆದು ಎಲ್ಲವೂ ಕೇವಲ ಹಣೆಪಟ್ಟಿ ಎನ್ನುವವರ ಜೊತೆ ನನಗೆ ಸಹಮತವಿಲ್ಲ. ಹೆಸರು ಯಾವುದಿದ್ದರೂ ಸತ್ತವರು ಸತ್ತೇ ಇರುತ್ತಾರೆ.

ಪ್ರಶ್ನೆ: ಅಪರಾಧ ಇಷ್ಟು ಪ್ರತಿಶತ ಹೆಚ್ಚಿತು, ಇಷ್ಟು ಕಡಿಮೆಯಾಯಿತು ಎಂಬ ಸುದ್ದಿಗಳನ್ನು ಎಷ್ಟು ನಂಬಬಹುದು? (ನಿವೃತ್ತ ಗಣಿತ ಶಿಕ್ಷಕರು)

ಉತ್ತರ: ಅಂಥ ಅಂಕಿಗಳು ಮೊದಲು ಹೇಳುವುದು ಲೆಕ್ಕವಿಡುವ ಸಂಸ್ಥೆಯ ಚಟುವಟಿಕೆಯನ್ನು, ಅಪರಾಧದ ಪ್ರಮಾಣವನ್ನು ಅವು ಹೇಳುವುದು ಆಮೇಲೆ, ಅದೂ ಪರೋಕ್ಷವಾಗಿ. ಒಂದು ಘಟನೆ ಅಂಕಿಯಾಗಬೇಕಾದರೆ ಅದನ್ನು ಯಾರಾದರೂ ಅಪರಾಧವೆಂದು ಗುರುತಿಸಬೇಕು, ದೂರು ಕೊಡಲು ಧೈರ್ಯ ಮಾಡಬೇಕು, ಪೊಲೀಸರು ಅದನ್ನು ದಾಖಲಿಸಲು ಒಪ್ಪಬೇಕು. ಈ ಮೂರು ಹಂತಗಳಲ್ಲಿ ಸೋರಿಹೋಗುವ ಭಾಗವನ್ನು ಕತ್ತಲೆಯ ಅಂಕಿ ಎನ್ನುತ್ತಾರೆ. ಅದನ್ನು ಅಳೆಯುವ ಉದ್ದೇಶದಿಂದ, ಜನರನ್ನೇ ನೇರವಾಗಿ ಸಂದರ್ಶಿಸುವ ಸಮೀಕ್ಷೆಗಳು ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲೂ ಬ್ರಿಟನ್ನಿನಲ್ಲಿ 1982ರಲ್ಲೂ ಶುರುವಾದವು. ಅಮೆರಿಕದ ಇತ್ತೀಚಿನ ಸಮೀಕ್ಷೆಗಳ ಪ್ರಕಾರ ಹಿಂಸಾತ್ಮಕ ಅಪರಾಧಗಳಲ್ಲಿ ಪೊಲೀಸರಿಗೆ ತಿಳಿಯುವವು ಅರ್ಧಕ್ಕಿಂತಲೂ ಕಡಿಮೆ.

ಇಂಗ್ಲೆಂಡಿನ ಅನುಭವ ಪಾಠದಂತಿದೆ. ಅಲ್ಲಿ 1998ರಲ್ಲಿ ಮತ್ತು 2002ರಲ್ಲಿ ದಾಖಲಾತಿಯ ನಿಯಮಗಳು ಬದಲಾದಾಗ ಪೊಲೀಸ್ ಕಡತಗಳಲ್ಲಿ ಹಿಂಸಾಚಾರ ಏರಿತು. ಅದೇ ಅವಧಿಯಲ್ಲಿ ಜನರನ್ನು ಕೇಳಿದ ಸಮೀಕ್ಷೆ ಇಳಿಕೆಯನ್ನು ತೋರಿಸುತ್ತಿತ್ತು. ಮುಂದೆ 2014ರಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಪೊಲೀಸ್ ದಾಖಲೆಯ ಅಂಕಿಗಳಿಗಿದ್ದ ಅಧಿಕೃತ ಗುಣಮಟ್ಟದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಲೈಂಗಿಕ ಅಪರಾಧಗಳ ವಿಷಯದಲ್ಲಂತೂ ಅಂಕಿಯ ಏರಿಕೆ, ದೂರು ಕೊಡುವವರ ವಿಶ್ವಾಸ ಹೆಚ್ಚಿರುವುದರ ಗುರುತೂ ಆಗಿರಬಹುದು. ದೇಶದೇಶಗಳ ನಡುವೆ ಹೋಲಿಸಲೇಬೇಕೆಂದಿದ್ದರೆ ಕೊಲೆಯ ಅಂಕಿಯನ್ನು ತೆಗೆದುಕೊಳ್ಳಿ. ಶವವನ್ನು ಕಡತದಿಂದ ಹೊರಗಿಡುವುದು ಉಳಿದವುಗಳಷ್ಟು ಸುಲಭವಲ್ಲ.

ಪ್ರಶ್ನೆ: ಬಡತನವೇ ಅಪರಾಧದ ತಾಯಿ ಎಂಬ ಮಾತು ಸರಿಯೇ?

ಉತ್ತರ: ಅರ್ಧವೂ ಸರಿಯಲ್ಲ ಎನ್ನಬೇಕು. ಬಡತನವೊಂದೇ ಕಾರಣವಾಗಿದ್ದರೆ, ಬಡವರಲ್ಲಿ ಸರಿಸುಮಾರು ಅರ್ಧದಷ್ಟಿರುವ ಮಹಿಳೆಯರು ಪುರುಷರಷ್ಟೇ ಅಪರಾಧ ಮಾಡಬೇಕಿತ್ತು. ಯಾವ ದೇಶದಲ್ಲೂ ಹಾಗಾಗಿಲ್ಲ. ಹದಿಹರೆಯದ ಕೊನೆಯಿಂದ ಇಪ್ಪತ್ತರ ಪ್ರಾಯದವರೆಗೆ ಏರಿ ಆಮೇಲೆ ಇಳಿಯುವ ಅಪರಾಧದ ರೇಖೆಯನ್ನೂ ಬಡತನ ವಿವರಿಸಲಾರದು, ಏಕೆಂದರೆ ನಲವತ್ತು ದಾಟಿದವರೆಲ್ಲ ಶ್ರೀಮಂತರಾಗಿರುವುದಿಲ್ಲ.

1938ರಲ್ಲಿ ರಾಬರ್ಟ್ ಮರ್ಟನ್ ಈ ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಹಣದ ಯಶಸ್ಸೇ ಬದುಕಿನ ಗುರಿಯೆಂದು ಎಲ್ಲರಿಗೂ ಬೋಧಿಸಿ, ಅಲ್ಲಿಗೆ ತಲಪುವ ನ್ಯಾಯವಾದ ದಾರಿಗಳನ್ನು ಮಾತ್ರ ಕೆಲವರಿಗಷ್ಟೇ ತೆರೆದಿಡುವ ಸಮಾಜದಲ್ಲಿ ಒತ್ತಡ ಹುಟ್ಟುತ್ತದೆ. ಆ ಒತ್ತಡಕ್ಕೆ ಸಿಕ್ಕಿದ ಕೆಲವರು ಗುರಿಯನ್ನು ಉಳಿಸಿಕೊಂಡು ದಾರಿಯನ್ನು ಬಿಡುತ್ತಾರೆ, ಕೆಲವರು ಗುರಿಯನ್ನು ಮರೆತು ನಿಯಮಗಳಿಗೆ ಅಂಟಿಕೊಳ್ಳುತ್ತಾರೆ, ಕೆಲವರು ಎರಡನ್ನೂ ಬಿಟ್ಟು ಅಮಲಿನೊಳಗೆ ಮರೆಯಾಗುತ್ತಾರೆ, ಇನ್ನು ಕೆಲವರು ಎರಡನ್ನೂ ತಿರಸ್ಕರಿಸಿ ಹೊಸ ವ್ಯವಸ್ಥೆಯನ್ನೇ ಕಟ್ಟಹೊರಡುತ್ತಾರೆ. ಬಹುಪಾಲು ಜನ ಹೇಗೋ ಹೊಂದಿಕೊಂಡು ಹೋಗುತ್ತಾರೆ. ಅಂದರೆ ತೊಂದರೆಯ ಮೂಲ ಬಡತನವಲ್ಲ, ಎಲ್ಲರಿಗೂ ಒಂದೇ ಕನಸನ್ನು ಹಂಚಿ ಅವಕಾಶವನ್ನು ಹಂಚದಿರುವುದು.

ಮರ್ಟನ್ನರ ವಿವರಣೆ ಸೊಗಸಾಗಿದ್ದರೂ ಅದು ಪೊಲೀಸರ ಕಡತದಲ್ಲಿರುವ ಅಪರಾಧಿಯನ್ನೇ ನಿಜವಾದ ಅಪರಾಧಿ ಎಂದು ಒಪ್ಪಿಕೊಂಡು ಹೊರಡುತ್ತದೆ. ಅಲ್ಲಿ ಎಡವಿಸಿದವರು ಎಡ್ವಿನ್ ಸದರ್‌ಲ್ಯಾಂಡ್. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಅವರು ಬಿಳಿ ಕಾಲರಿನ ಅಪರಾಧ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಗೌರವಾನ್ವಿತ ಹುದ್ದೆಯಲ್ಲಿರುವವರು ಆ ಹುದ್ದೆಯ ಕೆಲಸದಲ್ಲೇ ಎಸಗುವ ಅಪರಾಧವದು. ಮುಂದೆ 70 ದೊಡ್ಡ ಕಂಪನಿಗಳ ಚರಿತ್ರೆಯನ್ನು ಶೋಧಿಸಿ, ಅವುಗಳ ವಿರುದ್ಧ ನ್ಯಾಯಾಲಯಗಳೂ ಆಯೋಗಗಳೂ ಕೊಟ್ಟಿದ್ದ 980 ತೀರ್ಮಾನಗಳನ್ನು ಪಟ್ಟಿ ಮಾಡಿದರು. ಸರಾಸರಿ ಕಂಪನಿಗೆ 14. ಅವುಗಳಲ್ಲಿ ಕ್ರಿಮಿನಲ್ ನ್ಯಾಯಾಲಯದಿಂದ ಬಂದವು ಸುಮಾರು ಆರನೇ ಒಂದು ಪಾಲು ಮಾತ್ರ; ಉಳಿದವನ್ನು ಬೇರೆ ಹೆಸರಿನಲ್ಲಿ, ಬೇರೆ ಕೊಠಡಿಯಲ್ಲಿ ಸದ್ದಿಲ್ಲದೆ ಮುಗಿಸಲಾಗಿತ್ತು. ಈ ಅಧ್ಯಯನ 1949ರಲ್ಲಿ ಅಚ್ಚಾದಾಗ ಮಾನನಷ್ಟ ಮೊಕದ್ದಮೆಯ ಭಯದಿಂದ ಕಂಪನಿಗಳ ಹೆಸರುಗಳನ್ನು ತೆಗೆಯಬೇಕಾಯಿತು. ಹೆಸರುಗಳಿದ್ದ ಪೂರ್ಣ ಪಾಠ ಬೆಳಕು ಕಂಡದ್ದು 1983ರಲ್ಲಿ, ಲೇಖಕರು ತೀರಿಕೊಂಡು ಮೂರು ದಶಕಗಳಾದ ಮೇಲೆ. ಹಣೆಪಟ್ಟಿ ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ಪ್ರಶ್ನೆ: ಪೊಲೀಸರ ಸಂಖ್ಯೆಯನ್ನು ಎರಡು ಪಟ್ಟು ಮಾಡಿದರೆ ಅಪರಾಧ ಅರ್ಧಕ್ಕಿಳಿಯುತ್ತದೆಯೇ?

ಉತ್ತರ: ಲೆಕ್ಕ ಅಷ್ಟು ನೇರವಾಗಿಲ್ಲ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 1972ರಿಂದ 1973ರವರೆಗೆ ಒಂದು ಪ್ರಯೋಗ ನಡೆಯಿತು. ಗಸ್ತಿನ 15 ವಲಯಗಳನ್ನು ಮೂರು ಗುಂಪು ಮಾಡಿ, ಒಂದರಲ್ಲಿ ಎಂದಿನ ಗಸ್ತನ್ನು ನಿಲ್ಲಿಸಿ ಕರೆ ಬಂದರೆ ಮಾತ್ರ ಹೋಗುವಂತೆ ಮಾಡಲಾಯಿತು. ಎರಡನೆಯದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಲಾಯಿತು, ಮೂರನೆಯದನ್ನು ಇದ್ದಂತೆಯೇ ಬಿಡಲಾಯಿತು. ಅಪರಾಧದ ಮಟ್ಟದಲ್ಲಾಗಲಿ ಜನರ ಭಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಸ್ತಿನ ಪ್ರಮಾಣ ಬದಲಾದದ್ದು ಜನರಿಗೆ ಹೆಚ್ಚಾಗಿ ತಿಳಿಯಲೂ ಇಲ್ಲ. ಪೊಲೀಸರೇ ಬೇಡವೆಂದು ಇದರಿಂದ ಸಾಬೀತಾಗುವುದಿಲ್ಲ. ಗೊತ್ತುಗುರಿಯಿಲ್ಲದೆ ಸುತ್ತುವ ವಾಹನಗಳಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬಷ್ಟು ತಿಳಿಯುತ್ತದೆ. 1989ರಲ್ಲಿ ಪ್ರಕಟವಾದ ಮಿನಿಯಾಪೊಲಿಸ್ ನಗರದ ಅಧ್ಯಯನವೊಂದು, ಪೊಲೀಸರಿಗೆ ಬರುವ ಕರೆಗಳಲ್ಲಿ ಅರ್ಧದಷ್ಟು ಕೇವಲ 3 ಪ್ರತಿಶತ ವಿಳಾಸಗಳಿಂದ ಬರುತ್ತವೆ ಎಂದು ತೋರಿಸಿತು. ಅಂಥ ಜಾಗಗಳ ಮೇಲೆ ಗಮನವನ್ನು ಕೇಂದ್ರೀಕರಿಸಿದಾಗ ಫಲ ಕಂಡಿದೆ.

ಒಡೆದ ಕಿಟಕಿಯನ್ನು ಹಾಗೆಯೇ ಬಿಟ್ಟರೆ ದೊಡ್ಡ ಅಪರಾಧ ಹಿಂಬಾಲಿಸುತ್ತದೆ ಎಂಬ 1982ರ ಪ್ರಸಿದ್ಧ ವಾದವನ್ನೂ ಕೆಲವರು ಪತ್ರದಲ್ಲಿ ನೆನಪಿಸಿದ್ದಾರೆ. ಅದರ ಜನಪ್ರಿಯತೆ ಅದಕ್ಕಿರುವ ಪುರಾವೆಗಿಂತ ಬಹಳ ದೊಡ್ಡದು. ಷಿಕಾಗೋ ನಗರದ 343 ನೆರೆಹೊರೆಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಬೇರೊಂದು ಅಂಶವನ್ನು ಗುರುತಿಸಿದರು. ನೆರೆಯವರು ಒಬ್ಬರನ್ನೊಬ್ಬರು ನಂಬುವ, ಬೀದಿಯಲ್ಲಿ ಏನಾದರೂ ನಡೆದರೆ ಮಧ್ಯೆ ಬರಲು ಸಿದ್ಧರಿರುವ ಕಡೆ, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಿಂಸೆ ಕಡಿಮೆಯಿತ್ತು.

ಪೊಲೀಸರ ಸಮಯದ ದೊಡ್ಡ ಭಾಗ ಅಪರಾಧದ ಬೆನ್ನುಹತ್ತುವುದರಲ್ಲಿ ಕಳೆಯುವುದೇ ಇಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಜಗಳ ಬಿಡಿಸುವುದು, ಕಾಣೆಯಾದವರನ್ನು ಹುಡುಕುವುದು, ಜನಸಂದಣಿ ನಿಭಾಯಿಸುವುದು ಹೀಗೆ ಸಂಬಂಧವಿಲ್ಲದ ಕೆಲಸಗಳೆಲ್ಲ ಅವರ ಪಾಲಿಗೇ ಬೀಳುವುದು ಏಕೆ ಎಂದು 1970ರಲ್ಲಿ ಕೇಳಿದವರು ಎಗನ್ ಬಿಟ್ನರ್. ಅಗತ್ಯ ಬಿದ್ದರೆ ಬಲ ಪ್ರಯೋಗಿಸುವ, ಅದರ ಬಗ್ಗೆ ಸ್ಥಳದಲ್ಲೇ ಚೌಕಾಸಿ ಮಾಡಬೇಕಾಗಿಲ್ಲದ ಅಧಿಕಾರ ಅವರೊಬ್ಬರಿಗೇ ಇರುವುದರಿಂದ ಎಂಬುದು ಅವರ ಉತ್ತರ. ಆ ಅಧಿಕಾರವನ್ನು ಜನ ಒಪ್ಪುವುದು ಯಾವಾಗ? ಷಿಕಾಗೋದ ನಿವಾಸಿಗಳನ್ನು ಸಂದರ್ಶಿಸಿ ಟಾಮ್ ಟೈಲರ್ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಕಾನೂನನ್ನು ಪಾಲಿಸುವುದರಲ್ಲಿ ಶಿಕ್ಷೆಯ ಭಯಕ್ಕಿಂತ ಅಧಿಕಾರದ ನ್ಯಾಯಸಮ್ಮತತೆಯ ನಂಬಿಕೆಗೆ ಹೆಚ್ಚಿನ ಪಾತ್ರವಿದೆ. ಆ ನಂಬಿಕೆ ತಮ್ಮ ಪರವಾಗಿ ತೀರ್ಪು ಬಂದಿತೇ ಎಂಬುದಕ್ಕಿಂತ, ತಮ್ಮ ಮಾತನ್ನು ಕೇಳಿಸಿಕೊಂಡರೇ, ಮರ್ಯಾದೆಯಿಂದ ನಡೆಸಿಕೊಂಡರೇ ಎಂಬುದನ್ನು ಅವಲಂಬಿಸಿದೆ. ಒರಟಾಗಿ ನಡೆದ ಒಂದು ತಪಾಸಣೆಯಿಂದ ಆಗುವ ನಷ್ಟ ಯಾವ ಅಪರಾಧದ ಅಂಕಿಯಲ್ಲೂ ಕಾಣುವುದಿಲ್ಲ.

ಪ್ರಶ್ನೆ: ಬೀದಿಯಲ್ಲಿ ಕೊಂದವನಿಗೆ ಗಲ್ಲು, ಗಡಿಯಲ್ಲಿ ಕೊಂದವನಿಗೆ ಪದಕ. ಸಮಾಜಶಾಸ್ತ್ರ ಇದನ್ನು ಹೇಗೆ ವಿವರಿಸುತ್ತದೆ? (ಮಾಜಿ ಸೈನಿಕರು)

ಉತ್ತರ: ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಪ್ರಭುತ್ವಕ್ಕೆ ಕೊಟ್ಟ ಲಕ್ಷಣವೇ ಇಲ್ಲಿ ಆಧಾರ. ನಿರ್ದಿಷ್ಟ ಭೂಪ್ರದೇಶದೊಳಗೆ ನ್ಯಾಯಸಮ್ಮತವಾದ ದೈಹಿಕ ಬಲಪ್ರಯೋಗದ ಏಕಸ್ವಾಮ್ಯವನ್ನು ಯಶಸ್ವಿಯಾಗಿ ತನ್ನದೆಂದು ಸಾಧಿಸಿಕೊಂಡಿರುವ ಸಮುದಾಯವೇ ಪ್ರಭುತ್ವ. ಸೈನಿಕ, ಪೊಲೀಸ್, ಗಲ್ಲಿಗೇರಿಸುವವನು ಈ ಮೂವರೂ ಆ ಏಕಸ್ವಾಮ್ಯದ ಪರವಾನಗಿಯಲ್ಲಿ ಕೆಲಸ ಮಾಡುವವರು. ಈ ಪರವಾನಗಿಗೆ ಷರತ್ತುಗಳಿವೆ. ಶರಣಾದವರನ್ನೂ ಗಾಯಾಳುಗಳನ್ನೂ ನಾಗರಿಕರನ್ನೂ ಕೊಲ್ಲುವಂತಿಲ್ಲ ಎಂದು 1949ರ ಜಿನೀವಾ ಒಪ್ಪಂದಗಳು ಹೇಳುತ್ತವೆ. ಮೇಲಧಿಕಾರಿಯ ಆಜ್ಞೆ ಇತ್ತೆಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂಬ ತತ್ವವನ್ನು ಅದಕ್ಕೂ ಮುಂಚೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆ ಎತ್ತಿಹಿಡಿದಿತ್ತು.

ಈ ಏಕಸ್ವಾಮ್ಯ ಹುಟ್ಟಿದ್ದಾದರೂ ಹೇಗೆ? ಚಾರ್ಲ್ಸ್ ಟಿಲ್ಲಿ 1985ರಲ್ಲಿ ಕೊಟ್ಟ ಉತ್ತರ ಕಟುವಾದದ್ದು. ಯುರೋಪಿನ ರಾಜರು ಯುದ್ಧಕ್ಕಾಗಿ ತೆರಿಗೆ ಎತ್ತಿದರು, ತೆರಿಗೆ ಎತ್ತಲು ಅಧಿಕಾರಿಗಳನ್ನು ನೇಮಿಸಿದರು, ಒಳಗಿನ ಪ್ರತಿಸ್ಪರ್ಧಿಗಳ ಆಯುಧ ಕಸಿದರು. ಹೀಗೆ ಬೆಳೆದ ಯಂತ್ರವೇ ಆಧುನಿಕ ಪ್ರಭುತ್ವ. ತಾನೇ ಒಡ್ಡಿದ ಅಪಾಯದಿಂದ ರಕ್ಷಣೆ ಕೊಡುವುದಾಗಿ ಹೇಳಿ ಹಣ ವಸೂಲಿ ಮಾಡುವ ಗೂಂಡಾಗಿರಿಗೂ ಈ ಪ್ರಕ್ರಿಯೆಗೂ ಇರುವ ಹೋಲಿಕೆಯನ್ನು ಅವರು ಮುಚ್ಚಿಡಲಿಲ್ಲ. ಗೂಂಡಾನಿಗೂ ಪ್ರಭುತ್ವಕ್ಕೂ ಇಂದು ವ್ಯತ್ಯಾಸವೇ ಇಲ್ಲವೆಂದು ಇದರ ಅರ್ಥವಲ್ಲ. ಲೆಕ್ಕ ಕೇಳುವ ಶಾಸನಸಭೆ, ತಡೆಯುವ ನ್ಯಾಯಾಲಯ ಇವೆಲ್ಲ ಆ ವ್ಯತ್ಯಾಸವನ್ನು ನಿಧಾನವಾಗಿ ಕಟ್ಟಿದವು. ಅವು ಕುಸಿದ ಕಡೆ ವ್ಯತ್ಯಾಸವೂ ಕುಸಿಯುತ್ತದೆ.

ಸೈನಿಕ ಏಕೆ ಕಾದುತ್ತಾನೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಬಗ್ಗೆ ಶಿಲ್ಸ್ ಮತ್ತು ಜಾನೊವಿಟ್ಸ್ 1948ರಲ್ಲಿ ಬರೆದ ಲೇಖನವನ್ನು ಮಾತ್ರ ಪ್ರಸ್ತಾಪಿಸುತ್ತೇನೆ. ಸೋಲು ಖಚಿತವಾದ ಮೇಲೂ ಆ ಸೈನಿಕರು ಹೋರಾಡಿದ್ದು ಸಿದ್ಧಾಂತನಿಷ್ಠೆಗಿಂತ ಹೆಚ್ಚಾಗಿ ಪಕ್ಕದಲ್ಲಿದ್ದ ಜೊತೆಗಾರರ ಮೇಲಿನ ನಿಷ್ಠೆಯಿಂದ ಎಂದು ಅವರು ವಾದಿಸಿದರು. ಪೂರ್ವದ ರಣರಂಗದಲ್ಲಿ ತುಕಡಿಗಳು ಎಷ್ಟು ಬೇಗ ನಾಶವಾಗುತ್ತಿದ್ದವೆಂದರೆ ಅಂಥ ಸ್ನೇಹಕ್ಕೆ ಸಮಯವೇ ಇರಲಿಲ್ಲ, ನಾಜಿ ವಿಚಾರಧಾರೆಯ ಪಾತ್ರವನ್ನು ಕಡೆಗಣಿಸಲಾಗದು ಎಂದು ಇತಿಹಾಸಕಾರ ಓಮರ್ ಬಾರ್ಟೊವ್ ಮುಂದೆ ಅದನ್ನು ಪ್ರಶ್ನಿಸಿದರು.

ಪ್ರಶ್ನೆ: ಒಬ್ಬರ ಭಯೋತ್ಪಾದಕ ಇನ್ನೊಬ್ಬರ ಸ್ವಾತಂತ್ರ್ಯ ಹೋರಾಟಗಾರ ಎನ್ನುತ್ತಾರೆ. ಹಾಗಾದರೆ ಭಯೋತ್ಪಾದನೆ ಎಂಬುದು ಬೈಗುಳವಷ್ಟೇ ತಾನೇ?

ಉತ್ತರ: ಬೈಗುಳವಾಗಿ ಬಳಕೆಯಾಗುತ್ತದೆ ಎಂಬುದು ನಿಜ, ಅಷ್ಟೇ ಎಂಬುದು ನಿಜವಲ್ಲ. ಅಲೆಕ್ಸ್ ಶ್ಮಿಡ್ 1980ರ ದಶಕದಲ್ಲಿ ಭಯೋತ್ಪಾದನೆಯ 109 ವ್ಯಾಖ್ಯೆಗಳನ್ನು ಕಲೆಹಾಕಿದ್ದರು. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಸಮಗ್ರ ಒಪ್ಪಂದವೊಂದಕ್ಕಾಗಿ ವರ್ಷಗಳಿಂದ ಚರ್ಚಿಸುತ್ತಿದ್ದರೂ ವ್ಯಾಖ್ಯೆಯಲ್ಲೇ ಸಿಕ್ಕಿಕೊಂಡಿವೆ. ಪರಕೀಯ ಆಕ್ರಮಣದ ವಿರುದ್ಧದ ಹೋರಾಟವನ್ನು ಹೊರಗಿಡಬೇಕೇ, ಸರ್ಕಾರಿ ಸೇನೆಗಳ ಕೃತ್ಯಗಳನ್ನು ಒಳಗೆ ತರಬೇಕೇ ಎಂಬ ಎರಡು ಗಂಟುಗಳು ಬಿಚ್ಚಿಕೊಂಡಿಲ್ಲ. ಎರಡನೆಯ ಗಂಟಿಗೆ ಇತಿಹಾಸವಿದೆ. 1793 ಮತ್ತು 1794ರಲ್ಲಿ ಫ್ರಾನ್ಸಿನಲ್ಲಿ ನಡೆದ ಭಯದ ಆಳ್ವಿಕೆಯಲ್ಲಿ ಸುಮಾರು 17 ಸಾವಿರ ಜನರಿಗೆ ಮರಣದಂಡನೆ ವಿಧಿಸಿದ್ದು ಕ್ರಾಂತಿಯ ಸರ್ಕಾರವೇ.

ಆದರೂ ಹೆಚ್ಚಿನ ವಿದ್ವಾಂಸರು ಒಪ್ಪುವ ಒಂದು ತಿರುಳಿದೆ. ಭಯೋತ್ಪಾದನೆಯಲ್ಲಿ ಬಲಿಯಾದವರು ನಿಜವಾದ ಗುರಿಯಲ್ಲ; ಅವರ ಸಾವನ್ನು ನೋಡಿ ನಡುಗಬೇಕಾದವರು ಬೇರೆಯವರು. ರಾಜಕೀಯ ಉದ್ದೇಶಕ್ಕಾಗಿ, ಹೋರಾಟದಲ್ಲಿ ಪಾಲ್ಗೊಳ್ಳದವರ ಮೇಲೆ ನಡೆಸುವ, ಮೂರನೆಯವರಿಗೆ ಸಂದೇಶ ಮುಟ್ಟಿಸುವ ಹಿಂಸೆ ಅದು. ಈ ಲಕ್ಷಣದಲ್ಲಿ ಉದ್ದೇಶ ನ್ಯಾಯವಾದದ್ದೋ ಅಲ್ಲವೋ ಎಂಬ ಪ್ರಶ್ನೆ ಬರುವುದೇ ಇಲ್ಲ ಎಂಬುದನ್ನು ನೀವು ಗಮನಿಸಬೇಕು. ಸ್ವಾತಂತ್ರ್ಯ ಹೋರಾಟಗಾರ ಎಂಬುದು ಗುರಿಯನ್ನು ಹೇಳುತ್ತದೆ, ಭಯೋತ್ಪಾದಕ ಎಂಬುದು ವಿಧಾನವನ್ನು ಹೇಳುತ್ತದೆ. ಒಬ್ಬನೇ ವ್ಯಕ್ತಿ ಎರಡೂ ಆಗಿರಬಹುದು, ಎರಡರಲ್ಲಿ ಒಂದಾಗಿರಬಹುದು, ಎರಡೂ ಅಲ್ಲದಿರಬಹುದು.

ದಕ್ಷಿಣ ಆಫ್ರಿಕಾದ ಉದಾಹರಣೆ ಇಲ್ಲಿ ಎರಡೂ ಕಡೆಗೆ ಕೊಯ್ಯುತ್ತದೆ. 1993ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದು 1994ರಲ್ಲಿ ಅಧ್ಯಕ್ಷರಾದ ನೆಲ್ಸನ್ ಮಂಡೇಲಾ ಅವರ ಹೆಸರನ್ನು ಅಮೆರಿಕ ತನ್ನ ಭಯೋತ್ಪಾದಕರ ನಿಗಾ ಪಟ್ಟಿಯಿಂದ ತೆಗೆದದ್ದು 2008ರಲ್ಲಿ. ಹಣೆಪಟ್ಟಿ ಹಚ್ಚುವವರ ಅನುಕೂಲ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಕಡೆ, ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಸಶಸ್ತ್ರ ವಿಭಾಗ 1983ರಲ್ಲಿ ಪ್ರಿಟೋರಿಯಾದ ಚರ್ಚ್ ಸ್ಟ್ರೀಟಿನಲ್ಲಿ ಇಟ್ಟ ಕಾರ್ ಬಾಂಬಿನಿಂದ 19 ಜನ ಸತ್ತರು. ವರ್ಣಭೇದದ ಕಾಲದ ಕೃತ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 1998ರಲ್ಲಿ ಕೊಟ್ಟ ವರದಿ ವರ್ಣಭೇದ ನೀತಿಯನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಖಂಡಿಸಿತು, ಅದರ ವಿರುದ್ಧದ ಹೋರಾಟ ನ್ಯಾಯವಾದದ್ದೆಂದು ಒಪ್ಪಿತು. ಹಾಗಿದ್ದೂ ನಾಗರಿಕರ ಸಾವಿಗೆ ಕಾರಣವಾದ ಕೃತ್ಯಗಳಿಗೆ ಆ ಪಕ್ಷವನ್ನೂ ಹೊಣೆ ಮಾಡಿತು. ಆಗ ಅಧಿಕಾರದಲ್ಲಿದ್ದ ಅದೇ ಪಕ್ಷ ವರದಿಯ ಪ್ರಕಟಣೆಯನ್ನು ತಡೆಯಲು ನ್ಯಾಯಾಲಯಕ್ಕೆ ಹೋಗಿ ಸೋತಿತು. ಗುರಿಯ ನ್ಯಾಯವನ್ನೂ ವಿಧಾನದ ನ್ಯಾಯವನ್ನೂ ಬೇರೆ ಬೇರೆಯಾಗಿ ತೂಗಬಹುದು ಎಂಬುದನ್ನು ಅಷ್ಟು ನೇರವಾಗಿ ತೋರಿಸಿದ ಸಂಸ್ಥೆಗಳು ವಿರಳ. ಇದೇ ಅಳತೆಯನ್ನು ಸರ್ಕಾರಗಳಿಗೂ ಹಚ್ಚಬೇಕೆಂಬುದು ನನ್ನ ನಿಲುವು. ಹಚ್ಚದಿದ್ದರೆ ನಿಮ್ಮ ಬೈಗುಳದ ಮಾತೇ ನಿಜವಾಗುತ್ತದೆ.

ಪ್ರಶ್ನೆ: ಭಯೋತ್ಪಾದಕರು ಮನೋರೋಗಿಗಳೇ?

ಉತ್ತರ: ಬಹುಪಾಲು ಅಲ್ಲ. ಅವರ ಪ್ರಮುಖ ಲಕ್ಷಣ ಅವರ ಸಾಮಾನ್ಯತೆಯೇ ಎಂದು ಮಾರ್ಥಾ ಕ್ರೆನ್‌ಶಾ 1981ರಲ್ಲೇ ಬರೆದರು. ಬಡತನಕ್ಕೂ ಶಿಕ್ಷಣದ ಕೊರತೆಗೂ ಭಯೋತ್ಪಾದನೆಗೂ ನೇರ ನಂಟು ಕಾಣುವುದಿಲ್ಲ ಎಂದು ಕ್ರೂಗರ್ ಮತ್ತು ಮಲೆಚ್ಕೋವಾ 2003ರಲ್ಲಿ ತೋರಿಸಿದರು. ಸಂಘಟನೆಯೊಳಕ್ಕೆ ಹೆಚ್ಚಿನವರನ್ನು ಕರೆತರುವುದು ಸ್ನೇಹ ಮತ್ತು ಬಂಧುತ್ವ ಎಂದು ಮಾರ್ಕ್ ಸೇಜ್‌ಮನ್ 2004ರಲ್ಲಿ ವಿವರಿಸಿದರು. ಸಾಮಾನ್ಯರು ಅಸಾಮಾನ್ಯ ಕ್ರೌರ್ಯಕ್ಕೆ ಇಳಿಯುವುದು ಹೇಗೆಂಬುದಕ್ಕೆ, ಪುಂಡ ಹುಡುಗರ ಬಗ್ಗೆ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಬರೆದ ಲೇಖನವೇ ಇನ್ನೂ ಒಳ್ಳೆಯ ಮಾರ್ಗದರ್ಶಿ. ಹೊಣೆ ನನ್ನದಲ್ಲ, ಯಾರಿಗೂ ಹಾನಿಯಾಗಿಲ್ಲ, ಅವರಿಗೆ ಅದು ತಕ್ಕದ್ದೇ, ದೂರುವವರೇ ಭ್ರಷ್ಟರು, ನನ್ನವರಿಗಾಗಿ ಮಾಡಿದೆ ಎಂಬ ಐದು ಸಬೂಬುಗಳನ್ನು ಅವರು ಗುರುತಿಸಿದ್ದರು. ಸದರ್‌ಲ್ಯಾಂಡರ ಕಂಪನಿಗಳ ಬಾಯಲ್ಲಿ, ಯುದ್ಧಾಪರಾಧದ ವಿಚಾರಣೆಗಳಲ್ಲಿ, ಭಯೋತ್ಪಾದಕ ಗುಂಪುಗಳ ಹೇಳಿಕೆಗಳಲ್ಲಿ ಈ ಐದನ್ನೇ ಹುಡುಕಿ ನೋಡಿ, ಹೆಚ್ಚು ಹೊತ್ತು ಬೇಕಾಗದು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ದೇಶದೊಳಗೆ ಅಪರಾಧ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿದೆಯೇ? ಇದ್ದರೆ, ಕೊಲ್ಲಲು ಕಲಿತು ಮರಳಿದ ಸೈನಿಕರೇ ಕಾರಣವೇ?

ಉತ್ತರ: ಮೊದಲ ಭಾಗಕ್ಕೆ ಹೌದು, ಎರಡನೆಯದಕ್ಕೆ ಅಲ್ಲ. ಡೇನ್ ಆರ್ಚರ್ ಮತ್ತು ರೋಸ್ಮರಿ ಗಾರ್ಟ್ನರ್ 1976ರಲ್ಲಿ ಅನೇಕ ದೇಶಗಳ ಕೊಲೆಯ ಅಂಕಿಗಳನ್ನು ಯುದ್ಧದ ಮುಂಚೆ ಮತ್ತು ಆಮೇಲೆ ಎಂದು ಹೋಲಿಸಿ, ಯುದ್ಧದಲ್ಲಿ ತೊಡಗಿದ ಹೆಚ್ಚಿನ ರಾಷ್ಟ್ರಗಳಲ್ಲಿ ಏರಿಕೆಯನ್ನು ಕಂಡರು. ಸೋತ ದೇಶಗಳಲ್ಲಷ್ಟೇ ಅಲ್ಲ, ಗೆದ್ದ ದೇಶಗಳಲ್ಲೂ ಕೊಲೆಗಳು ಏರಿದ್ದವು. ಆರ್ಥಿಕತೆ ಕುಸಿದ ಕಡೆ ಮಾತ್ರವಲ್ಲ, ಸುಧಾರಿಸಿದ ಕಡೆಯೂ ಏರಿದ್ದವು. ಆಪಾದಿತರಲ್ಲಿ ಪುರುಷರಷ್ಟೇ ಅಲ್ಲದೆ ಮಹಿಳೆಯರೂ ಹೆಚ್ಚಿದ್ದರು, ಬೇರೆ ಬೇರೆ ವಯಸ್ಸಿನವರೂ ಹೆಚ್ಚಿದ್ದರು. ರಣರಂಗವನ್ನು ಕಾಣದವರಲ್ಲೂ ಏರಿಕೆ ಇದ್ದ ಮೇಲೆ ಮರಳಿದ ಸೈನಿಕರೇ ಅದಕ್ಕೆ ಕಾರಣವೆಂದು ಹೇಳಲು ಬರುವುದಿಲ್ಲ. ಪ್ರಭುತ್ವವೇ ಕೊಲ್ಲುವುದನ್ನು ಪರಿಹಾರವೆಂದು ವರ್ಷಗಟ್ಟಲೆ ಕೊಂಡಾಡಿದಾಗ ಆ ಪರವಾನಗಿಯ ಗಡಿ ನಾಗರಿಕರ ಮನಸ್ಸಿನಲ್ಲೂ ಸಡಿಲವಾಗುತ್ತದೆ ಎಂಬ ವಿವರಣೆಯೇ ತಮ್ಮ ಅಂಕಿಗಳಿಗೆ ಹೆಚ್ಚು ಹೊಂದುತ್ತದೆಂದು ಅವರು ತೀರ್ಮಾನಿಸಿದರು. ರಣರಂಗದಲ್ಲಿ ಹೆಚ್ಚು ಜನರನ್ನು ಕಳೆದುಕೊಂಡ ರಾಷ್ಟ್ರಗಳಲ್ಲಿ ಈ ಏರಿಕೆ ಹೆಚ್ಚು ಸಾಮಾನ್ಯವಾಗಿತ್ತು.